ನನ್ನವಳ ಹಲ್ಲಿಗೆ ನನ್ನ ಕೈಚಳಕ

ಈ ಊರಿನ ನಗುವ ಬಾಯಿಗಳಲ್ಲಿ ಅರ್ಧಕ್ಕರ್ಧ ನನ್ನವು! ನಂಬಿಕೆ ಬರಲಿಲ್ಲವೆ? ನಾನು ಹಲ್ಲು ಮಾಡುವವನು, ಸ್ವಾಮಿ. ಕೀಳುವವನಲ್ಲ, ಮಾಡುವವನು! ಕೀಳುವ ಡಾಕ್ಟರು ಕ್ಲಿನಿಕ್ಕಿನ ಮುಂದೆ ಬೋರ್ಡು ಹಾಕಿಕೊಂಡು ಕೂತಿರುತ್ತಾರೆ. ನಾನು ಹಿಂದಿನ ಕೋಣೆಯಲ್ಲಿ ಪಿಂಗಾಣಿ ಪುಡಿ, ಕುಂಚ, ಪುಟ್ಟದೊಂದು ಕುಲುಮೆ ಇಟ್ಟುಕೊಂಡು ಬೆವರುತ್ತಿರುತ್ತೇನೆ. ಅವರು ಹಲ್ಲಿನ ಅಚ್ಚು ಕಳಿಸುತ್ತಾರೆ, ಬಣ್ಣದ ನಂಬರು ಕಳಿಸುತ್ತಾರೆ, ನಾನು ಕ್ಯಾಪ್ ಮಾಡಿ ಕೊಡುತ್ತೇನೆ. ತಾನು ಮಾಡಿದ ಹಲ್ಲು ಯಾವುದು, ನಾನು ಮಾಡಿದ್ದು ಯಾವುದು ಅಂತ ಸಾಕ್ಷಾತ್ ಬ್ರಹ್ಮನೇ ಬಂದು ನೋಡಿದರೂ ತಲೆ ಕೆರೆದುಕೊಳ್ಳಬೇಕು!

ಇಂಥವನ ಹೆಂಡತಿಯ ಮುಂದಿನ ಹಲ್ಲೇ ಮುರಿದರೆ ಹೇಗಿರಬೇಡ?

ನನ್ನವಳು ಗಣಿತದ ಮೇಡಂ. ಶಾಲೆಯ ಆಟದ ದಿನ ಬಾಯಲ್ಲಿ ಸೀಟಿ ಇಟ್ಟುಕೊಂಡು ರೆಫರಿಯಾಗಿ ಓಡಾಡುತ್ತಿದ್ದಳು. ಗೋಲಿಗೆ ಹೋಗಬೇಕಾದ ಚೆಂಡು ಸೀಟಿಗೆ ಬಡಿಯಿತು, ಸೀಟಿ ಹಲ್ಲಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧ ಢಮಾರ್! ಅಷ್ಟರಲ್ಲೂ ಬಿಡದೆ ಫೌಲ್ ಕೊಟ್ಟೇ ಮನೆಗೆ ಬಂದಳಂತೆ.

ನೋವು ಎರಡು ದಿನಕ್ಕೆ ಹೋಯಿತು. ಹೋಗಬಾರದ್ದು ಇನ್ನೊಂದು ಹೋಯಿತು. ಅವಳ ನಗು! ಅದೇನು ಸಾಮಾನ್ಯ ನಗುವಲ್ಲ. ಅವಳು ಅಡುಗೆಮನೆಯಲ್ಲಿ ನಕ್ಕರೆ ಪಕ್ಕದ ಮನೆಯವರು ಟೀವಿಯ ಸೌಂಡು ಜಾಸ್ತಿ ಮಾಡುತ್ತಿದ್ದರು. ಈಗ ನಗು ಬಂದರೆ ಸಾಕು, ಅಂಗೈ ಬಾಯಿಗೆ ಅಡ್ಡ ಹಿಡಿದು ‘ಹುಂ ಹುಂ’ ಅನ್ನುವುದು. ಆ ನಗುವಿನ ಮುಕ್ಕಾಲು ಪಾಲು ನನ್ನ ಮೇಲೇ ಖರ್ಚಾಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಆದರೂ ಅದಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ನನಗೆ ಅದು ವಾಪಸು ಬೇಕಿತ್ತು.

ಅಷ್ಟರಲ್ಲಿ ಅವಳಿಗೆ ಬಡ್ತಿ ಬಂತು. ಮುಖ್ಯೋಪಾಧ್ಯಾಯಿನಿ! ಆ ಶಾಲೆಯ ಮೊಗಸಾಲೆಯಲ್ಲಿ ಹಿಂದಿನ ಮುಖ್ಯಸ್ಥರ ಫೋಟೋಗಳು ಸಾಲಾಗಿ ತೂಗುತ್ತವೆ. ಎಲ್ಲರದೂ ಕಹಿ ಔಷಧಿ ಕುಡಿದ ಮುಖ. ಆ ಸಾಲಿಗೆ ಈಗ ಇವಳ ಫೋಟೋ.

“ಬಾಯಿ ಮುಚ್ಕೊಂಡೇ ಕೂತ್ಕೋತೀನಿ ಬಿಡಿ. ಅವರೆಲ್ಲ ಹಾಗೇ ಕೂತಿಲ್ವಾ?” ಅಂದಳು.

“ಏನಂದೆ? ಹಲ್ಲು ಮಾಡೋನ ಹೆಂಡ್ತಿ ಬಾಯಿ ಮುಚ್ಕೊಂಡು ಗೋಡೆ ಮೇಲೆ ಕೂರೋದಾ? ನನ್ನ ಮಾನ ಏನಾಗ್ಬೇಕು? ಬಣ್ಣ ನೋಡೋದ್ರಿಂದ ಹಿಡಿದು ಪಾಲಿಶ್ ತನಕ ಎಲ್ಲ ನಾನೇ ಮಾಡ್ತೀನಿ!”

“ಬಣ್ಣ ಡಾಕ್ಟ್ರೇ ನೋಡ್ಲಿ ಕಣ್ರೀ. ಅದು ಅವರ ಕೆಲಸ.”

“ಡಾಕ್ಟ್ರು! ಅವರಿಗೆ ಹಲ್ಲು ಅಂದ್ರೆ ರೋಗ ಕಣೇ. ನನಗೆ ಹಲ್ಲು ಅಂದ್ರೆ ಕಲೆ!”

ಅವಳು ಅಂಗೈ ಅಡ್ಡ ಹಿಡಿದು ‘ಹುಂ ಹುಂ’ ಅಂದಳು.

ಮಾರನೆಯ ದಿನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಡಾಕ್ಟರು, “ಮೊದಲು ಬಣ್ಣ ನೋಡಿ ಮುಗಿಸ್ಬಿಡಿ, ಆಮೇಲೆ ನಾನು ಹಲ್ಲು ಸವರಿ ಅಚ್ಚು ತೆಗೀತೀನಿ” ಅಂತ ಪಕ್ಕದ ಕೋಣೆಯ ರೋಗಿಯ ಬಳಿ ಹೋದರು. ತುಟಿಗಳನ್ನು ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪೊಂದಿದೆ. ಅದನ್ನು ಅವಳ ಬಾಯಿಗೆ ಸಿಕ್ಕಿಸಿದೆ. ಅದನ್ನು ಹಾಕಿದರೆ ಮನುಷ್ಯ ಮಾತಾಡಲಾರ.

ಓದುಗರೇ, ನನ್ನ ಜಾಗದಲ್ಲಿ ನಿಂತು ಯೋಚಿಸಿ! ಮದುವೆಯಾದಂದಿನಿಂದ ನಾನು ಒಂದು ವಾಕ್ಯವನ್ನು ಪೂರ್ತಿ ಮುಗಿಸಿದವನಲ್ಲ. ಇವತ್ತು ಎದುರಿಗೆ ಹೆಂಡತಿ, ಬಾಯಿ ಪೂರ್ತಿ ತೆರೆದಿದೆ, ಆದರೆ ಮಾತು ಬರುವಂತಿಲ್ಲ! ಇಂಥ ಮುಹೂರ್ತ ಯಾವ ಗಂಡನಿಗೆ ಸಿಗುತ್ತದೆ? ಹಲ್ಲಿನ ಮಾದರಿಗಳನ್ನು ಸಾಲಾಗಿ ಜೋಡಿಸಿದ ಬಣ್ಣದ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಗಂಟಲು ಸರಿಮಾಡಿಕೊಂಡೆ.

“ನೋಡು, ಹಲ್ಲಿನ ಮೇಲ್ಗಡೆ ಹೊದಿಕೆ ಇದೆಯಲ್ಲ, ಅದೇ ಎನಾಮೆಲ್. ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ! ಮೂಳೆ ಅದರ ಮುಂದೆ ಏನೂ ಅಲ್ಲ!”

“ಆ…” ಅಂದಳು.

“ಹೂಂ, ಆಶ್ಚರ್ಯ ಆಗುತ್ತಲ್ವಾ? ಹೆಚ್ಚುಕಮ್ಮಿ ಪೂರ್ತಿ ಖನಿಜ. ಜೀವ ಇಲ್ಲ, ನರ ಇಲ್ಲ. ಅದನ್ನ ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬರೋ ಹೊತ್ತಿಗೆ ಮಾಯ! ಕೆಲಸ ಮುಗಿಸಿ ಹೋದ ಮೇಸ್ತ್ರಿಗಳ ಹಾಗೆ, ರಿಪೇರಿಗೆ ಕರೆದ್ರೆ ಒಬ್ಬನೂ ಬರಲ್ಲ. ಅದಕ್ಕೇ ಮುರಿದ ಎನಾಮೆಲ್ ಮತ್ತೆ ಬೆಳೆಯಲ್ಲ.”

“ಆಆ… ಆ!” ಈಗ ಕೈ ಬೇರೆ ಆಡಿಸಿದಳು. ನನಗೋ ಉತ್ಸಾಹ ಉಕ್ಕಿ ಬಂತು!

“ಒಳಗಡೆ ನೋಡಿದ್ರೆ ಕೂದಲಿಗಿಂತ ಸಣ್ಣ ಸಣ್ಣ ಕಡ್ಡಿಗಳು ಕಣೇ! ಲಕ್ಷಾಂತರ! ಒತ್ತೊತ್ತಾಗಿ, ಒಂದರೊಳಗೊಂದು ಹೆಣೆದುಕೊಂಡು ನಿಂತಿವೆ. ಅದಕ್ಕೇ ಬಿರುಕು ಬಿಟ್ರೂ ಸುಲಭಕ್ಕೆ ಮುಂದೆ ಓಡಲ್ಲ. ಆದ್ರೆ ಒಂದು ಗುಟ್ಟು ಹೇಳ್ಲಾ? ಎನಾಮೆಲ್ ಒಂದೇ ಇದ್ರೆ ಗಾಜಿನ ಹಾಗೆ ಪುಡಿಪುಡಿ. ಕೆಳಗೆ ಡೆಂಟಿನ್ ಅಂತ ಇನ್ನೊಂದು ಪದರ ಇದೆ. ಪೆಟ್ಟು ತಿನ್ನೋದು ಅದು, ಹೆಸರು ತಗೊಳ್ಳೋದು ಎನಾಮೆಲ್. ಹಲ್ಲಿಗೆ ಹಳದಿ ಛಾಯೆ ಬರೋದೂ ಆ ಡೆಂಟಿನ್ನಿಂದಲೇ. ಎನಾಮೆಲ್ ಅರೆಪಾರದರ್ಶಕ ಅಲ್ವಾ, ಒಳಗಿನ ಬಣ್ಣ ಆಚೆ ಕಾಣುತ್ತೆ!”

ಹೀಗೆ ಅರ್ಧ ಗಂಟೆ. ಅವಳು ಕುರ್ಚಿಯ ತೋಳು ಬಡಿಯುತ್ತಿದ್ದಳು, ಕಾಲು ಒದರುತ್ತಿದ್ದಳು. ಶ್ರೋತೃಗಳ ಇಂಥ ಸ್ಪಂದನ ನಾನು ಜನ್ಮದಲ್ಲಿ ಕಂಡಿರಲಿಲ್ಲ! ಕೊನೆಗೆ ಬಣ್ಣದ ಪಟ್ಟಿ ಎತ್ತಿ, ಮುರಿದ ಹಲ್ಲಿನ ಅಕ್ಕಪಕ್ಕದ ಹಲ್ಲುಗಳಿಗೆ ಒಂದೊಂದೇ ಮಾದರಿ ಹಿಡಿದು ನೋಡಿದೆ. ಪಟ್ಟಿಯಲ್ಲೇ ಅತಿ ಬಿಳಿಯ ಮಾದರಿ ಸರಿಹೋಯಿತು! ಇಷ್ಟು ವರ್ಷ ಜೊತೆಗೆ ಬಾಳಿದೆ, ಇವಳ ಹಲ್ಲು ಇಷ್ಟು ಬೆಳ್ಳಗೆ ಅಂತ ಗೊತ್ತೇ ಇರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

ಕ್ಲಿಪ್ ತೆಗೆದ ಕೂಡಲೇ ಅವಳು ಒಂದು ಚೊಂಬು ನೀರು ಗಟಗಟ ಕುಡಿದಳು. “ಬಾಯೆಲ್ಲ ಒಣಗಿ ಹೋಯ್ತು ಅಂತ ಬಡ್ಕೊಂಡೆನಲ್ರೀ, ಕಿವಿ ಕೇಳಿಸಲ್ವಾ?”

“ನೀನು ಕೇಳ್ತಿದ್ದ ಶ್ರದ್ಧೆಗೆ ನಾನು ಮಾತು ನಿಲ್ಲಿಸೋಕೆ ಆಗ್ಲಿಲ್ಲ ಕಣೇ!”

ಕ್ಯಾಪ್ ಮಾಡಿದೆ. ಆಹಾ, ಏನು ಹೇಳಲಿ! ಪದರದ ಮೇಲೆ ಪದರ ಪಿಂಗಾಣಿ ಹಚ್ಚಿ, ಸುಟ್ಟು, ಕಲೆ ಅಂಟದಂತೆ ಮೇಲೊಂದು ಗಾಜಿನ ಮೆರುಗು ಕೊಟ್ಟೆ. ಫೋಟೋದ ಹಿಂದಿನ ದಿನ ಸಂಜೆ ಡಾಕ್ಟರು ಅದೇ ಕ್ಲಿಪ್ ಹಾಕಿ, ಹತ್ತಿ ತುರುಕಿ, ಗಾಳಿ ಊದಿ ಹಲ್ಲೆಲ್ಲ ಒಣಗಿಸಿ ಕೂರಿಸಿ ನೋಡಿದರು. ಅಕ್ಕಪಕ್ಕದ ಹಲ್ಲುಗಳಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ!

“ಎರಡು ದಿನ ತಾತ್ಕಾಲಿಕ ಅಂಟಲ್ಲಿ ಇಟ್ಟು ನೋಡೋಣ್ವಾ?” ಅಂದರು ಡಾಕ್ಟರು.

“ನನ್ನ ಕೆಲಸಕ್ಕೆ ಪರೀಕ್ಷೆನಾ ಸಾರ್? ಗಟ್ಟಿ ಅಂಟೇ ಹಾಕಿ! ಜನ್ಮಕ್ಕೆ ಬಿಚ್ಚಬಾರದು!”

ಅವಳು ಕನ್ನಡಿ ನೋಡಿದಳು. ಕೈ ಅಡ್ಡ ಹಿಡಿಯದೆ ಸಣ್ಣಗೆ ನಕ್ಕಳು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ!

ಬೆಳಗ್ಗೆ ಬಚ್ಚಲುಮನೆಯಿಂದ ಕೂಗು ಬಂತು. “ರೀ! ಬನ್ನಿ ಇಲ್ಲಿ!”

ಓಡಿದೆ. ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದಾಳೆ. ಉಳಿದ ಹಲ್ಲುಗಳೆಲ್ಲ ಎಂದಿನ ತಮ್ಮ ಮಾಸಲು ಬಿಳುಪಿನಲ್ಲಿ ಸುಮ್ಮನೆ ಕೂತಿವೆ. ನಡುವೆ ನನ್ನ ಹಲ್ಲು ಒಂದೇ, ಟ್ಯೂಬ್‌ಲೈಟಿನ ಹಾಗೆ ಧಗಧಗ!

“ಇದೇನ್ರೀ? ರಾತ್ರಿ ಕರೆಂಟು ಹೋದ್ರೂ ಪುಸ್ತಕ ಓದ್ಬಹುದಲ್ರೀ ಇದರ ಬೆಳಕಲ್ಲಿ!”

“ಗಾಬರಿ ಆಗ್ಬೇಡ! ಕಾಫಿ ಕುಡಿ. ಕಡು ಕಾಫಿ, ಹಾಲು ಬೇಡ. ಬಾಯಲ್ಲಿ ಆಡಿಸಿ ಆಡಿಸಿ ಕುಡಿ. ಸ್ವಲ್ಪ ಮಂಕಾಗುತ್ತೆ.”

ಮೂರು ಲೋಟ ಕುಡಿಸಿದೆ. ಮಂಕಾಯಿತು. ಉಳಿದ ಹಲ್ಲುಗಳು! ನನ್ನ ಹಲ್ಲಿಗೆ ಕಲೆ ಅಂಟುವುದಿಲ್ಲವಲ್ಲ, ಆ ಗಾಜಿನ ಮೆರುಗು ಕೊಟ್ಟವನು ಯಾರು? ನಾನೇ! ಕಾಫಿ ಕುಡಿದಷ್ಟೂ ಅದು ಇನ್ನೂ ಕೊಬ್ಬಿ ಹೊಳೆಯಿತು.

ಡಾಕ್ಟರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಅವತ್ತು ಬಾಯಿ ತೆರೆಸಿ ಎಷ್ಟು ಹೊತ್ತಾದ ಮೇಲೆ ಬಣ್ಣ ನೋಡಿದ್ರಿ?”

“ಸುಮಾರು… ಅರ್ಧ ಗಂಟೆ. ಸ್ವಲ್ಪ ಎನಾಮೆಲ್ ವಿಷಯ, ಅದರೊಳಗಿನ ಕಡ್ಡಿಗಳ ವಿಷಯ ವಿವರಿಸ್ತಿದ್ದೆ.”

ಆ ಕಡೆ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. “ಒಂದು ನಿಮಿಷದೊಳಗೆ ನೋಡ್ಬೇಕು ಮಹರಾಯ್ರೇ! ನಿಮ್ಮ ಆ ಕಡ್ಡಿಗಳ ಸಂದಿಯಲ್ಲಿ ನೀರಿನ ಪಸೆ ಇರುತ್ತೆ. ಅದು ಒಣಗಿ ಗಾಳಿ ತುಂಬಿಕೊಂಡ್ರೆ ಎನಾಮೆಲ್ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತೆ. ಒದ್ದೆ ಬಟ್ಟೆ ಒಣಗಿದ್ರೆ ಬಿಳಿಚಿಕೊಳ್ಳಲ್ವಾ? ನಿನ್ನೆ ಸಂಜೆ ನಾನೂ ಒಣಗಿಸಿಯೇ ಕೂರಿಸಿದ್ದು, ಅದಕ್ಕೇ ಸರಿಯಾಗಿ ಕಾಣ್ತು. ರಾತ್ರಿ ಉಳಿದ ಹಲ್ಲೆಲ್ಲ ನೆನೆದು ತಮ್ಮ ಬಣ್ಣಕ್ಕೆ ಬಂದಿವೆ. ಈಗ ಕ್ಯಾಪ್ ಒಡೆದೇ ತೆಗೀಬೇಕು. ನೀವೇ ತಾನೆ ಗಟ್ಟಿ ಅಂಟು ಅಂದದ್ದು?”

ಇಡೀ ಎನಾಮೆಲ್ಲಿನ ವಂಶವೃಕ್ಷವನ್ನೇ ಹೇಳಿದವನು ನಾನು, ಅದು ಒಣಗುತ್ತದೆ ಅನ್ನುವುದೊಂದೇ ನನಗೆ ಗೊತ್ತಿರಲಿಲ್ಲ! ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಆದರೆ ಮರುಕ್ಷಣವೇ ತಲೆಯಲ್ಲಿ ಮಿಂಚು ಹೊಳೆಯಿತು.

“ಒಣಗಿದ್ರೆ ಬೆಳ್ಳಗಾಗುತ್ತೆ! ಹಾಗಾದ್ರೆ ಒಣಗಿಸೋಣ! ಬಾಯಿ ತೆಗೆದುಕೊಂಡು ಸ್ಕೂಟರ್ ಹತ್ತು!”

“ಏನಂದ್ರಿ?”

“ಶಾಲೆ ತನಕ ಗಾಳಿಗೆ ಬಾಯಿ ಕೊಟ್ಟು ಕೂತ್ಕೊ. ಫೋಟೋ ಮುಗಿಯೋ ತನಕ ಮುಚ್ಚಬೇಡ!”

ಬೇರೆ ದಾರಿ ಇರಲಿಲ್ಲ. ಹೊಸ ಸೀರೆ ಉಟ್ಟ ಮುಖ್ಯೋಪಾಧ್ಯಾಯಿನಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಹಲ್ಲು ಕಿರಿದು, ನನ್ನ ಹೆಗಲ ಮೇಲಿಂದ ಮುಖ ಮುಂದೆ ಚಾಚಿ ಕೂತಳು. ಎದುರಿಗೆ ಬಂದವರೆಲ್ಲ ಪರಿಚಯದವರಿರಬೇಕೆಂದು ವಾಪಸು ಹಲ್ಲು ಕಿರಿದರು! ಸಿಗ್ನಲ್ಲಿನಲ್ಲಿ ಪೊಲೀಸಿನವರು ಹತ್ತಿರ ಬಂದರು.

“ಏನಮ್ಮಾ, ಹುಷಾರಾಗಿದೀರಾ?”

“ಚೆನ್ನಾಗಿದೀನಿ ಸರ್” ಅಂದುಬಿಟ್ಟಳು, ಮರ್ಯಾದಸ್ಥೆ. ಬಾಯಿ ಮುಚ್ಚಿತು, ಹಲ್ಲು ಒದ್ದೆಯಾಯಿತು, ಅಷ್ಟು ದೂರದ ಗಾಳಿ ನೀರಲ್ಲಿ ಹೋಮವಾಯಿತು! ಮತ್ತೆ ಮೊದಲಿಂದ ಒಣಗಿಸಲು ಆಟದ ಮೈದಾನಕ್ಕೆ ಎರಡು ಸುತ್ತು ಹಾಕಿದೆ.

ಮೊಗಸಾಲೆಯಲ್ಲಿ ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷರು, ಮೇಷ್ಟ್ರುಗಳು, ಮೇಡಂಗಳು ಎಲ್ಲ ಸೇರಿದ್ದರು. ಅಧ್ಯಕ್ಷರು ಹಾರ ಹಾಕಿ ಅಭಿನಂದಿಸಿದರು. ಅವಳು “ಥ್ಯಾಂಕ್ಸ್” ಅಂದಳು. ಮತ್ತೆ ಒದ್ದೆ! ಕುರ್ಚಿಯಲ್ಲಿ ಕೂತು ತುಟಿ ಬಿಗಿದುಕೊಂಡಳು. ಅವಳ ಕೈ ತನ್ನಷ್ಟಕ್ಕೆ ತಾನೇ ಬಾಯಿಯ ಕಡೆ ಹೋಯಿತು. ಎಲ್ಲ ನನ್ನಿಂದ! ನನ್ನ ಒಂದು ಭಾಷಣದಿಂದ!

“ಸ್ವಲ್ಪ ನಗಿ ಮೇಡಂ” ಅಂದ ಫೋಟೋಗ್ರಾಫರ್.

ತುಟಿ ಅಲುಗಲಿಲ್ಲ. ನಾನು ಅವನ ಬೆನ್ನ ಹಿಂದೆ ಹೋಗಿ ನಿಂತೆ. ಮಾತಾಡುವಂತಿಲ್ಲ, ಹತ್ತು ಜನ ಇದ್ದಾರೆ. ‘ಬಾಯಿ ತೆಗಿ, ಒಣಗಿಸು’ ಅಂತ ಸನ್ನೆ ಮಾಡಲು ನಾನೇ ಬಾಯಿ ಅಗಲಿಸಿ, ಎರಡೂ ಕೈಯ ಬೆರಳಲ್ಲಿ ತುಟಿ ಎಳೆದು ಹಿಡಿದೆ. ಆಫೀಸಿನ ಗುಮಾಸ್ತರು ನೋಡಿ, ಪಾಪ, ಇವರಿಗೆ ಏನೋ ಆಗಿದೆ ಅಂತ ಫೈಲಿನಿಂದ ನನ್ನ ಬಾಯಿಗೆ ಗಾಳಿ ಬೀಸತೊಡಗಿದರು! ಸಂಗೀತದ ಮೇಡಂ ನೀರು ತಂದರು. ನಾನು ‘ಆ! ಆಆ!’ ಅಂತ ಬೇಡವೆಂದು ತಲೆ ಆಡಿಸಿದೆ. ಅವರು ಹೌದೆಂದುಕೊಂಡು ನೀರು ಹೊಯ್ದೇಬಿಟ್ಟರು!

ಕುರ್ಚಿಯಿಂದ ಸಿಡಿಯಿತು ನಗು! ಅದೇ ನಗು, ಪಕ್ಕದ ಮನೆಯ ಟೀವಿಯನ್ನು ಸೋಲಿಸುವ ನಗು! ತಲೆ ಹಿಂದಕ್ಕೆ ಹಾಕಿ, ಕೈ ತೊಡೆಯ ಮೇಲೆ ಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಗೈ ಅಡ್ಡ ಬರಲೇ ಇಲ್ಲ. ಕ್ಲಿಕ್!

ಎಲ್ಲರೂ ಕ್ಯಾಮೆರಾದ ಪರದೆಗೆ ಮುತ್ತಿಕೊಂಡರು. “ಚೆನ್ನಾಗಿ ಬಂದಿದೆ ಮೇಡಂ. ಒಂದು ಹಲ್ಲು ಮಾತ್ರ ಜಾಸ್ತಿ ಹೊಳೀತಿದೆ, ಕಂಪ್ಯೂಟರಲ್ಲಿ ಒಂದು ಸೆಕೆಂಡು ಸಾಕು, ಪಕ್ಕದ ಹಲ್ಲಿನ ಬಣ್ಣಕ್ಕೆ ಸರಿ ಮಾಡ್ಬಿಡ್ತೀನಿ” ಅಂದ ಫೋಟೋಗ್ರಾಫರ್. ಒಂದು ಸೆಕೆಂಡು! ನನ್ನ ಕಲೆಗೆ ಅಷ್ಟು ಸಾಕಂತೆ!

“ಬೇಡಪ್ಪ, ಹಾಗೇ ಇರಲಿ” ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಅಧ್ಯಕ್ಷರು ಗೋಡೆಯ ಮೇಲಿನ ಕಹಿ ಮುಖಗಳನ್ನೂ ಪರದೆಯ ಮೇಲಿನ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. “ಈ ಶಾಲೆಯ ಚರಿತ್ರೆಯಲ್ಲೇ ಇಷ್ಟು ಚೆಂದ ನಕ್ಕ ಮುಖ್ಯಸ್ಥರು ಇಲ್ಲಮ್ಮ! ಏನು ಇದರ ಗುಟ್ಟು?”

ನನ್ನವಳು ನನ್ನತ್ತ ಬೊಟ್ಟು ಮಾಡಿದಳು.

“ಅಗೋ, ಅಲ್ಲೇ ನಿಂತಿದೆ ಸರ್. ಇನ್ನೂ ಬಾಯಿ ಮುಚ್ಚಿಲ್ಲ!”