ಲೂಷಿಯಸ್ ಟಾರ್ವರ್‌ನ ಬಲಗಾಲು

ಕಾಲು ನಿಜವಾಗಿ ಮುರಿದಿದ್ದರೆ ಲೂಷಿಯಸ್ ಟಾರ್ವರ್‌ಗೆ ಇಷ್ಟು ಕಷ್ಟವಿರಲಿಲ್ಲ. ಮುರಿದಿರಲಿಲ್ಲವಲ್ಲ, ಎಡವಟ್ಟಾಗಿದ್ದೇ ಅಲ್ಲಿ.

ಮೂರು ವಾರದ ಹಿಂದೆ ಟಿವಿ ಕುಸ್ತಿಯಲ್ಲಿ ಗೂಳಿ ಮೆಕ್‌ಗ್ರಾ ಅವನ ಬಲಗಾಲಿನ ಮೇಲೆ ದೊಪ್ಪನೆ ಹಾರಿದ್ದ. ಎಲ್ಲಾ ಮೊದಲೇ ಮಾತಾಡಿಕೊಂಡದ್ದೇ, ಕಾಲಿಗೆ ಹಾಕಿದ ಪ್ಲಾಸ್ಟರೂ ಸುಳ್ಳೇ. ಸೋಮವಾರ ಮೆಂಫಿಸ್‌ನ ಅಖಾಡದಲ್ಲಿ ಲೂಷಿಯಸ್ ಪ್ಲಾಸ್ಟರ್ ಕಿತ್ತೆಸೆದು ಎದ್ದು, ಗೂಳಿಗೆ ಮಣ್ಣುಮುಕ್ಕಿಸಿ ಪ್ರಾಂತ್ಯದ ಪಟ್ಟ ಗೆಲ್ಲಬೇಕು. ಅವನಪ್ಪನೂ ಜಟ್ಟಿಯೇ. ಆದರೆ ಆಗ ಕಪ್ಪು ಜಟ್ಟಿಗಳಿಗೆ ಬೇರೆಯೇ ಪಂದ್ಯ, ಬೇರೆಯೇ ಪಟ್ಟ. ಈ ಪಟ್ಟದ ಬೆಲ್ಟನ್ನು ಕಪ್ಪು ಮನುಷ್ಯನೊಬ್ಬ ಸೊಂಟಕ್ಕೆ ಕಟ್ಟಿರಲೇ ಇಲ್ಲ.

"ಅಲ್ಲೀವರೆಗೂ ಹೆಂಡ್ತಿ ಮುಂದೇನೂ ಕುಂಟ್ತಾನೇ ಇರು," ಎಂದಿದ್ದ ಪಂದ್ಯ ನಡೆಸುವ ಹಾಲಿಸ್. "ನೆಟ್ಟಗೆ ನಿಂತಿದ್ದು ಒಬ್ರ ಕಣ್ಣಿಗೆ ಬಿದ್ರೂ ಪಟ್ಟ ಇಲ್ಲ, ತಿಳ್ಕೋ."

ಭಾನುವಾರ ಬೆಳಗ್ಗೆ ಚರ್ಚಿನ ಹಿರಿಯಮ್ಮ ಮದರ್ ಪೆಟ್‌ವೇ ಬಾಗಿಲು ಬಡಿದರು. ಎಂಬತ್ತೆರಡು ವಯಸ್ಸು, ತಲೆಯ ಮೇಲೆ ಬಿಳಿ ಟೋಪಿ.

"ಹೊರಡಪ್ಪ. ಇವತ್ತು ನಿನ್ನ ಕಾಲಿಗೇ ಪ್ರಾರ್ಥನೆ."

"ನಡೆಯೋಕಾಗಲ್ಲ ಮದರ್..."

"ಗೊತ್ತು ಕಣೋ. ಅದಕ್ಕೇ ನಾಲ್ಕು ಜನಾನ ಕರ್ಕೊಂಡ್ ಬಂದಿದೀನಿ."

ನಾಲ್ವರೂ ಅವನನ್ನು ಸೋಫಾ ಸಮೇತ ಎತ್ತಿದರು. ನೂರಿಪ್ಪತ್ತು ಕಿಲೋ ಆಸಾಮಿ. ಚರ್ಚ್ ಮುಟ್ಟುವಷ್ಟರಲ್ಲಿ ಅವರೇ ಕುಂಟತೊಡಗಿದ್ದರು.

ಪಾದ್ರಿ ಪ್ಲಾಸ್ಟರಿಗೆ ಎಣ್ಣೆ ಹಚ್ಚಿ, "ಎದ್ದು ನಡೆ!" ಎಂದು ಗುಡುಗಿದರು. ಲೂಷಿಯಸ್ ಏಳಲಿಲ್ಲ. ಇನ್ನೊಮ್ಮೆ ಗುಡುಗಿದರು. ಹಾಡುವವರು ಮೂರು ಸಲ ಹಾಡಿ ಗಂಟಲು ಒಣಗಿಸಿಕೊಂಡರು. ಗಂಟೆ ಒಂದಾಯಿತು. ಊಟದ ಕೋಣೆಯಲ್ಲಿ ಕರಿದ ಕೋಳಿ ತಣ್ಣಗಾಗುತ್ತಿತ್ತು.

"ಏನೋ ಪಾಪ ಮಾಡಿರ್ಬೇಕು," ಹಿಂದಿನ ಸಾಲಿನಲ್ಲಿ ಪಿಸುಮಾತು.

"ಯಾವಳ ಜೊತೆ ಅಂತ?"

ಹೆಂಡತಿ ಅರ್ನೆಸ್ಟೀನ್ ತಿರುಗಿ ಗಂಡನನ್ನು ಸುಡುವಂತೆ ನೋಡಿದಳು. ಅಷ್ಟರಲ್ಲಿ ಮದರ್ ಪೆಟ್‌ವೇ ಮಂಡಿಯೂರಿದರು.

"ಈ ಹುಡುಗ ಏಳೋವರೆಗೂ ನಾನೂ ಏಳಲ್ಲ. ತೊಟ್ಟು ನೀರೂ ಮುಟ್ಟಲ್ಲ."

ಎರಡು ಗಂಟೆಗೆ ಮುದುಕಿ ತೂರಾಡತೊಡಗಿದರು. ಚಿಕ್ಕಂದಿನಿಂದ ಲೂಷಿಯಸ್‌ನ ಬಾಯಿಗೆ ತುತ್ತಿಟ್ಟ ಕೈ ಅದು. ಪಟ್ಟ ಹಾಳಾಗಿ ಹೋಗಲಿ ಎಂದುಕೊಂಡು ಎದ್ದೇಬಿಟ್ಟ! ಎದ್ದವನು ಅವರನ್ನು ಮಗುವಿನಂತೆ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದ. ಚರ್ಚಿನ ಸೂರು ಹಾರಿಹೋಗುವಂಥ ಕೇಕೆ! ಟೋಪಿಗಳು ಹಾರಿದವು, ಪಾದ್ರಿ ಕುಣಿದರು, ಅರ್ನೆಸ್ಟೀನ್ ಅತ್ತಳು.

ಸಂಜೆ ಹಾಲಿಸ್ ಜೋಲು ಮುಖ ಹೊತ್ತು ಬಂದ.

"ತಪ್ಪಾಯ್ತು ಸಾರ್," ಲೂಷಿಯಸ್ ಕೈ ಹಿಸುಕಿಕೊಂಡ. "ನಾಟಕ ಅಂತ ಜನಕ್ಕೆ ಗೊತ್ತಾಗೋಯ್ತಾ?"

"ಎಲ್ಲಿ ಗೊತ್ತಾಯ್ತು! ಪವಾಡ ಅಂತ ಊರಿಗೂರೇ ನಂಬಿದೆ."

ಲೂಷಿಯಸ್‌ಗೆ ಹೋದ ಜೀವ ಬಂತು. "ಹಾಗಾದ್ರೆ ಪಟ್ಟ ನಂದೇ ಅಲ್ವಾ ಸಾರ್?"

"ಎಲ್ಲಿಯ ಪಟ್ಟ! ನೀನು ಎದ್ದು ನಿಲ್ಲೋದನ್ನ ನೋಡೋಕೇ ಜನ ಟಿಕೆಟ್ ತಗೊಂಡಿದ್ದು. ಚರ್ಚಲ್ಲಿ ಬಿಟ್ಟಿ ತೋರಿಸ್ಬಿಟ್ಟೆ, ಅರ್ಧ ಜನ ಟಿಕೆಟ್ ವಾಪಸ್ ಕೊಟ್ಟವ್ರೆ. ನಾಳೆ ಗೂಳಿ ನಿನ್ನ ಎಡಗಾಲು ಮುರೀತಾನೆ. ಪಟ್ಟದ ಮಾತು ಇನ್ನು ಮುಂದಿನ ತಿಂಗಳು."

ಮರುದಿನ ಗೂಳಿ ಎಡಗಾಲಿನ ಮೇಲೆ ಹಾರಿದ. ಲೂಷಿಯಸ್ ಕಿರುಚಿ ಹೊರಳಾಡುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯೊಂದು ಕುರ್ಚಿಯ ಮೇಲೆ ಹತ್ತಿ ನಿಂತಿತು.

"ಹೆದರ್ಬೇಡ ಮಗಾ! ಈ ಭಾನುವಾರಾನೇ ಎಬ್ಬಿಸ್ತೀವಿ!"