ಗೂಳಿಯ ಕೆಂಪು ಬಾಣ

ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ನನಗೆ ಅದು ತಿಂಗಳಿಗೊಂದು ಸಲವಾದರೂ ಆಗುತ್ತದೆ. ಮಳವಳ್ಳಿಯಲ್ಲಿ ರವಿಕೆ ಹೊಲಿಯುವವಳು ನಾನು. ಹಲ್ಲಿ ಲೊಚಗುಟ್ಟಿದರೂ ಕತ್ತರಿ ಕೆಳಗಿಡುತ್ತೇನೆ. ಅಂಥವಳು ಡಿಜಿಟಲ್ ನಾಣ್ಯದಲ್ಲಿ ಬಹುಮಾನ ಕೊಡುವ ಬ್ಲಾಕ್‌ಚೈನ್ ಆ್ಯಪೊಂದರಲ್ಲಿ ಹೊಲಿಗೆ ವಿಡಿಯೋ ಹಾಕಲು ಹೋದೆ.

೧. ಆರನೆಯ ದಿನ

ಆ ಆ್ಯಪಿನ ನ್ಯಾಯ ಹೀಗೆ: ವಿಡಿಯೋ ಹಾಕಿ ಏಳು ದಿನ ಕಾಯಬೇಕು. ನೋಡಿದವರು ಮೇಲ್ಮುಖದ ಹಸಿರು ಬಾಣ ಒತ್ತಿದರೆ ಬಹುಮಾನ ಏರುತ್ತದೆ, ಕೆಳಮುಖದ ಕೆಂಪು ಬಾಣ ಒತ್ತಿದರೆ ಇಳಿಯುತ್ತದೆ. ಯಾರ ಹತ್ತಿರ ಆ್ಯಪಿನ ನಾಣ್ಯ ಹೆಚ್ಚೋ ಅವರ ಬಾಣಕ್ಕೆ ತೂಕ ಹೆಚ್ಚು.

ಟೇಪಿಲ್ಲದೆ ಗೇಣಿನಲ್ಲೇ ಅಳತೆ ತೆಗೆಯುವ ನನ್ನ ವಿಡಿಯೋಗೆ ಐದೇ ದಿನದಲ್ಲಿ ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಮಷೀನು ಕೊಳ್ಳುವಷ್ಟು ಬಹುಮಾನ ಏರಿತ್ತು. ಆರನೆಯ ದಿನ ಗೂಳಿಯ ಚಿತ್ರ ಹಾಕಿಕೊಂಡ ಯಾರೋ ಒಬ್ಬರು ಕೆಂಪು ಬಾಣ ಒತ್ತಿದರು. ಅಷ್ಟೂ ಸೊನ್ನೆಯಾಯಿತು. ಯಾರ ರವಿಕೆ ಕೆಡಿಸಿ ಈ ಹಗೆ ಕಟ್ಟಿಕೊಂಡೆನೋ ಎಂದು ಹಳೆಯ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತ ಕೂತೆ.

"ಅಷ್ಟೊಂದು ಯಾಕ್ ತಲೆ ಕೆಡಿಸ್ಕೊಂಡೀಯಮ್ಮಿ?" ಅಂದರು ನಮ್ಮ ಯಜಮಾನರು. "ಯಾರ್ ರವಿಕೆ ಕೆಡುಸಿಲ್ವೋ ಅವ್ರನ್ನ ನೆನಸ್ಕೊ, ಬ್ಯಾಗ ಮುಗೀತದೆ."

೨. ಮುಯ್ಯಿ

ಈ ಆ್ಯಪಿನಲ್ಲಿರುವ ಹತ್ತು ಮಂದಿ ಮದ್ದೂರಿನಲ್ಲಿ ಗುಂಪು ಕಟ್ಟಿಕೊಂಡೆವು. ಎಲ್ಲರಿಗೂ ಗೂಳಿಯ ಭಯ. ಹಸು ಸಾಕಣೆಯ ಬಗ್ಗೆ ಬರೆಯುತ್ತಿದ್ದವರು ಗೂಳಿಗೆ ಬೇಜಾರಾದೀತೆಂದು ಕುರಿಗೆ ಬದಲಾಯಿಸಿದ್ದರು. ನಮ್ಮಲ್ಲಿ ನಿರ್ಭಯರೆಂದರೆ ದಿನಾ ಬೆಳಿಗ್ಗೆ ನೀತಿಮಾತು ಹಾಕುವ ನಿವೃತ್ತ ಮೇಷ್ಟ್ರೊಬ್ಬರೇ. ಅವರಿಗೆ ಮಾತ್ರ ಗೂಳಿಯ ಹಸಿರು ಬಾಣ ತಪ್ಪದೆ ಬೀಳುತ್ತಿತ್ತು.

ಉಪಾಯ ಹೇಳಿದವರೂ ಅವರೇ: "ಮದುವೇಲಿ ಮುಯ್ಯಿ ಮಾಡೋ ಹಾಗೆ ಇದು. ಒಬ್ರು ನಿಮಗೆ ಹಸಿರು ಒತ್ತಿದ್ರೆ ನೀವೂ ತಿರುಗಿ ಒತ್ತಬೇಕು." ಮುಯ್ಯಿ ತಪ್ಪಿಸಿದರೆ ನೆಂಟಸ್ತನವೇ ಮುರಿಯುವ ಸೀಮೆ ನಮ್ಮದು. ಆ ಹೆದರಿಕೆಗೆ ಓದದೆಯೇ ಒತ್ತತೊಡಗಿದೆವು. ಒಂದು ದಿನ ಗುಂಪಿನ ಮೆಕ್ಯಾನಿಕ್ಕು ತನ್ನ ಸೋದರಮಾವ ತೀರಿಕೊಂಡ ಸುದ್ದಿ ಹಾಕಿದ. ಒಂಬತ್ತೂ ಮಂದಿ ಹಸಿರು ಒತ್ತಿದೆವು.

ಅವನು ಕೆಳಗೆ ಬರೆದ: "ಉಪಕಾರ ಮರೆಯಕ್ಕಿಲ್ಲ. ನಿಮ್ಮನೇಲಿ ಆದಾಗ ನಾನೂ ತಪ್ಪುಸ್ದೆ ಒತ್ತೀನಿ."

ನಾನು ಎದ್ದು ಹೋಗಿ ನಮ್ಮತ್ತೆ ಬಿಪಿ ಮಾತ್ರೆ ನುಂಗಿದ್ದಾರೋ ಇಲ್ಲವೋ ನೋಡಿ ಬಂದೆ.

೩. ಗೂಳಿಯ ಮನೆ

ನನ್ನ ಎರಡನೆಯ ವಿಡಿಯೋ, ಮೂರನೆಯದು, ಎಲ್ಲಕ್ಕೂ ಗೂಳಿಯ ಕೆಂಪು ಬಾಣವೇ ಬಿತ್ತು. ಇನ್ನು ಕಾಲಿಗೆ ಬೀಳುವುದೇ ವಾಸಿ ಅನಿಸಿ, ತಪ್ಪಾಗಿದ್ದರೆ ಕ್ಷಮಿಸಿ ಎಂದು ಬರೆದೆ. "ನಿಡಘಟ್ಟದ ನಮ್ಮನೆಗೆ ಬನ್ನಿ" ಎಂದಷ್ಟೇ ಉತ್ತರ ಬಂತು. ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ.

"ಅಂಜಬೇಡಮ್ಮ," ಅಂದರು ಮೇಷ್ಟ್ರು. "ನನ್ನ ಮಾತು ಅಂದ್ರೆ ಆತನಿಗೆ ಗೌರವ."

ಬಾಗಿಲು ತೆಗೆದವರು ಬನಿಯನ್ನಿನಲ್ಲಿದ್ದ ಒಬ್ಬ ಸಾಧು ಸ್ವಭಾವದ ಮುದುಕರು; ಗೂಳಿ ಅವರೇ. ರಸ್ತೆಗೆ ಹೋದ ಜಮೀನಿನ ಪರಿಹಾರದಲ್ಲಿ ಯಾರದೋ ಮಾತು ಕೇಳಿ ಆ ಆ್ಯಪಿನ ನಾಣ್ಯವನ್ನು ರಾಶಿಗಟ್ಟಲೆ ಕೊಂಡಿದ್ದರಂತೆ. ನನ್ನ ಗುರುತು ಹತ್ತುತ್ತಲೇ ಅವರ ಮುಖ ಅರಳಿತು.

"ಬಾ ಕಣವ್ವ. ನಿನ್ ವಿಡಿಯೋ ಒಂದೂ ಬುಟ್ಟಿಲ್ಲ, ಎಲ್ಲಾನೂ ಇಳಿಸ್ಕೊಂಡಿವ್ನಿ. ನಮ್ಮನೆ ಎಂಗುಸ್ರು ಅದ್ನ ನೋಡ್ಕಂಡೇ ಒಲ್ಗೆ ಕಲೀತಾವ್ರೆ."

"ಇಳಿಸ್ಕೊಂಡ್ರಾ? ಹೆಂಗೆ?"

ಅವರು ಮೊಬೈಲು ತೆಗೆದು ಕೆಂಪು ಬಾಣ ತೋರಿಸಿದರು. "ಕೆಳಿಕ್ ಮಕ ಮಾಡ್ಯದಲ್ಲ, ಇದ್ನ ಒತ್ತುದ್ರೆ ಫೋನಿಗೆ ಇಳೀತದೆ. ಎಲ್ಲಾ ಆ್ಯಪ್ನಲ್ಲೂ ಅಂಗೇ ತಾನೆ?"

ಮೆಚ್ಚಿ ಮೆಚ್ಚಿಯೇ ನನ್ನ ಮಷೀನು ನುಂಗಿದ್ದರು. ನಗಬೇಕೋ ಅಳಬೇಕೋ ತಿಳಿಯದೆ, ಪಕ್ಕದಲ್ಲಿದ್ದ ಮೇಷ್ಟ್ರತ್ತ ಒಮ್ಮೆ ನೋಡಿ ಕೇಳಿದೆ: "ಮತ್ತೆ ಆ ಹಸಿರು ಬಾಣ ಯಾತಕ್ಕೆ?"

"ಅದಾ? ದಿನಾ ಬೆಳಿಗ್ಗೆದ್ರೆ ಯಾವನೋ ಒಬ್ಬ ನೀತಿಮಾತು ಆಕ್ತಾನೆ ಕಣವ್ವ. ಅವನ್ನ ಮ್ಯಾಲಕ್ಕೆ ತಳ್ಳಿ ಕಣ್ಮುಂದ್ಲಿಂದ ಆಚ್ಗೆ ಕಳ್ಸಾಕೆ. ಎಷ್ಟು ತಳ್ಳುದ್ರೂ ಮಾರ್ನೇ ದಿನ ಬತ್ತಾನೆ."