ಯೋಗರಾಜನ ಪೆಟ್ರೋಲ್ ಪಂಪು

ಬಾಯಿ ಸುಮ್ಮನಿದ್ದಿದ್ದರೆ ಯೋಗರಾಜನಿಗೆ ಆ ದಿನ ಮಾಚೇನಹಳ್ಳಿಯ ಬಿಸಿಲಲ್ಲಿ ಒಣಗುವ ಗ್ರಹಚಾರ ಬರುತ್ತಿರಲಿಲ್ಲ. ಅವನದೊಂದು ಮುದಿ ಅಂಬಾಸಿಡರ್. ಅದರ ಇಂಜಿನ್ನಿಗೇ ಅಂಟಿಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಹಳೇ ಪಂಪಿನ ಗುಣಗಾನ ಮಾಡದೆ ಆಫೀಸಿನಲ್ಲಿ ಅವನು ಕಾಫಿ ಕುಡಿದವನಲ್ಲ.

"ವೈರಿಲ್ಲ, ಫ್ಯೂಸಿಲ್ಲ. ಬಿಸಿಯಾಗಿ ನಿಂತ್ರೆ ಒದ್ದೆ ಬಟ್ಟೆ ಹಾಕು, ಹೊರಡು. ಕರೆಂಟ್ ಪಂಪ್ ನಂಬ್ಕೊಂಡೋನು ನಡುದಾರೀಲಿ ಕೂತ ಅಂತ್ಲೇ ಲೆಕ್ಕ."

ಅದನ್ನು ನಂಬಿಯೇ ಸಹೋದ್ಯೋಗಿ ಲೋಹಿತ್ ಭದ್ರಾವತಿಯಲ್ಲಿದ್ದ ತನ್ನ ನಿಶ್ಚಿತಾರ್ಥಕ್ಕೆ ಅದೇ ಕಾರು ಹತ್ತಿದ್ದ, ಜೊತೆಗೆ ದೊಡ್ಡಮ್ಮ ಸಾವಿತ್ರಮ್ಮ.

ನಿಜ ಹೇಳಬೇಕೆಂದರೆ, ಬೇಸಿಗೆಯಲ್ಲಿ ಆ ಪಂಪು ಸಿಗ್ನಲ್ಲಿಗೊಮ್ಮೆ ಕೈಕೊಡುತ್ತಿತ್ತು. ಮದುಮಗನ ಮುಂದೆ ಮಾನ ಹೋದೀತೆಂದು ಯೋಗರಾಜ ಹಿಂದಿನ ದಿನ ಗುಟ್ಟಾಗಿ ಮೆಕ್ಯಾನಿಕ್ ಸತೀಶನಲ್ಲಿಗೆ ಹೋಗಿ ಅದನ್ನು ಬಿಚ್ಚಿಸಿ, ಹಿಂದೆ ಟ್ಯಾಂಕಿನ ಪಕ್ಕ ಕರೆಂಟ್ ಪಂಪನ್ನೇ ಹಾಕಿಸಿದ್ದ. ಸೆಕೆಂಡ್ ಹ್ಯಾಂಡಾದರೂ ಹೊಸದರ ಹಾಗಿದೆ ಎಂದಿದ್ದ ಸತೀಶ.

ಹೊಸದರ ಹಾಗಿದ್ದದ್ದು ಭದ್ರಾವತಿ ದಾರಿಯ ಮಾಚೇನಹಳ್ಳಿಯಲ್ಲಿ ಪ್ರಾಣ ಬಿಟ್ಟಿತು.

"ಒದ್ದೆ ಬಟ್ಟೆ ಹಾಕಿ ಯೋಗಣ್ಣ," ಎಂದ ಲೋಹಿತ್, ಭಕ್ತಿಯಿಂದ.

"ಮುಹೂರ್ತ ಮೀರುತ್ತೆ ಮಾರಾಯ, ಬೇಗ," ಎಂದು ಸಾವಿತ್ರಮ್ಮ ಯೋಗರಾಜನ ಹೆಗಲಿನ ಜರಿ ಶಲ್ಯವನ್ನೇ ಎಳೆದು, ಬಾಟಲಿ ನೀರಲ್ಲಿ ಅದ್ದಿಬಿಟ್ಟರು. ಅಷ್ಟರಲ್ಲಿ ಪಕ್ಕದ ವರ್ಕ್‌ಶಾಪಿನವರೂ ಬಂದು ಬಾನೆಟ್ಟಿಗೆ ಮುತ್ತಿದರು.

"ಪಂಪ್ ಎಲ್ಲಿದೆ ಸಾರ್?" ಎಂದ ಒಬ್ಬ.

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಯೋಗರಾಜ ಅದನ್ನು ನುಂಗಿ, ಪಂಪು ಬಿಚ್ಚಿದ ತೂತಿಗೆ ಸತೀಶ ಹೊಡೆದಿದ್ದ ತಗಡನ್ನು ತೋರಿಸಿದ. ಮುಂದಿನ ಅರ್ಧ ಗಂಟೆ ಎಲ್ಲರೂ ಸೇರಿ ಆ ತಗಡಿಗೆ ಶೈತ್ಯೋಪಚಾರ ಮಾಡಿದರು. ಮಗುವಿನ ಜ್ವರಕ್ಕೂ ಹೀಗೇ ಮಾಡುವುದೆಂದು ಸಾವಿತ್ರಮ್ಮ ಶಲ್ಯವನ್ನು ಮಗುಚಿ ಮಗುಚಿ ಹಾಕಿದರು. ಕಾರು ಮಾತ್ರ ಕೆಮ್ಮಲೂ ಇಲ್ಲ.

ಆಗ ಹಿಂದಿನಿಂದ ಇನ್ನೊಂದು ಮುದಿ ಅಂಬಾಸಿಡರ್ ಗುರುಗುಟ್ಟುತ್ತ ಬಂದು ನಿಂತಿತು. ಅದೇ ನಿಶ್ಚಿತಾರ್ಥಕ್ಕೆ ಹೊರಟಿದ್ದ ಆಫೀಸಿನ ನಾಗೇಶನದು. ಕರೆಂಟ್ ಪಂಪ್ ಹಾಕಿಸಿದ್ದಕ್ಕೆ ಯೋಗರಾಜ ವರ್ಷವಿಡೀ ಆಡಿಕೊಂಡದ್ದು ಇವನನ್ನೇ. ಲೋಹಿತನೂ ಸಾವಿತ್ರಮ್ಮನೂ ಹಿಂದೆ ತಿರುಗಿಯೂ ನೋಡದೆ ಅದಕ್ಕೆ ಹತ್ತಿದರು.

ನಾಗೇಶ ಕಿಟಕಿಯಿಂದ ತಲೆ ಹಾಕಿದ. "ಯೋಗಣ್ಣ, ನಿಮ್ಮ ಮಾತು ಕೇಳಿ ಬದುಕ್ಕೊಂಡೆ. ನನ್ನ ಕರೆಂಟ್ ಪಂಪ್ ಬಿಸಿಲೇರಿದ್ರೆ ಸಾಕು, ನಿಂತೇಬಿಡೋದು. ಮೊನ್ನೆ ತೆಗೆಸಿ, ಅಟ್ಟದ ಮೇಲಿದ್ದ ಹಳೇ ಪಂಪನ್ನೇ ಹಾಕಿಸ್ದೆ. ಎಲ್ಲೂ ನಿಂತಿಲ್ಲ ನೋಡಿ."

"ಆ ಕರೆಂಟ್ ಪಂಪು?" ಎಂದ ಯೋಗರಾಜ.

"ಗುಜರಿಗೆ ಹಾಕು ಅಂತ ಸತೀಶಂಗೆ ಕೊಟ್ಟೆ. ಆ ಕಳ್ಳ ನಿನ್ನೆ ಅದನ್ನ ಯಾವನೋ ಪುಣ್ಯಾತ್ಮನ ಕಾರಿಗೆ ಹಾಕಿ ಕಳಿಸಿದ್ನಂತೆ. ಪಾಪ, ಅವ್ನು ಇವತ್ತು ಎಲ್ಲಿ ನಿಂತಿದಾನೋ ಏನೋ."

ಯೋಗರಾಜ ಶಲ್ಯ ಹಿಂಡಿ ಹೆಗಲಿಗೆ ಹಾಕಿಕೊಂಡ.

"ಇಲ್ಲೇ ಎಲ್ಲಾದ್ರೂ ಇರ್ತಾನೆ ಬಿಡು ಮಾರಾಯ," ಎಂದ. "ನೀವು ಹೊರಡಿ."